ಬೊಟ್ಟಿಲ್ಲದ ವಿಮಾನ

ಆಳಂದ
೯ ಜೂನ್ ೨೦೨೪

ಕರೀಮ ಕಾಕಾ ಅವರಿಗೆ ಮನೀಷಾಳ ನಮಸ್ಕಾರಗಳು.

ನಾನು ಮಲ್ಲಣ್ಣ ಮಾವನ ಅಕ್ಕನ ಮಗಳು. ಸಣ್ಣವಳಿದ್ದಾಗ ಜೇವರ್ಗಿಗೆ ಬಂದರೆ, ನೀವೂ ಮಾವನೂ ನಿಮ್ಮ ಲಾರಿ ಪೇಂಟಿಂಗ್ ಶೆಡ್ಡಿನಲ್ಲಿ ನನ್ನ ಹತ್ತು ಬೆರಳಿಗೂ ಹತ್ತು ಬಣ್ಣ ಹಚ್ಚಿ ಕಳಿಸುತ್ತಿದ್ದಿರಿ. ಅವ್ವ ಸೀಮೆಎಣ್ಣೆ ಹಾಕಿ ತಿಕ್ಕುತ್ತ ನಿಮ್ಮಿಬ್ಬರನ್ನೂ ಬೈಯುತ್ತಿದ್ದಳು. ಈಗ ಇಲ್ಲಿಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ.

ಎಳ್ಳಮಾಸಿ ಮುಗಿದ ವಾರದಲ್ಲಿ ಮಾವನಿಗೆ ಲಕ್ವಾ ಹೊಡೆದದ್ದು ನಿಮಗೆ ಗೊತ್ತಿದೆ. ಅವನನ್ನು ಇಲ್ಲಿ ನಮ್ಮ ಮನೆಗೆ ಕರೆತಂದ ಮೇಲೆ ನೀವು ನೋಡಲು ಬಂದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಮಾತು ತೊದಲುತ್ತದೆ, ಬಲಗೈ ಏಳುವುದಿಲ್ಲ, ಆಸರೆಯಿಲ್ಲದೆ ನಿಲ್ಲಲಾರ. ಶೆಡ್ಡಿನವರು ಯಾರೂ ತನ್ನನ್ನು ಈ ರೂಪದಲ್ಲಿ ನೋಡಬಾರದು ಎಂದು ಹಟ. ಫೋನು ಕೊಟ್ಟರೆ ನನ್ನ ಕೈಗೇ ವಾಪಸು ಇಡುತ್ತಾನೆ. ಬೇಕಾದದ್ದನ್ನು ಎಡಗೈಯಲ್ಲಿ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾನೆ.

ಬೆರಳುಗಳಿಗೆ ಸಣ್ಣ ಸಣ್ಣ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದರು. ತೊಗರಿಬೇಳೆ ಆರಿಸಲು ಕೊಟ್ಟೆ. ಕಲ್ಲನ್ನೆಲ್ಲ ಬೇಳೆಯ ಕಡೆ ಹಾಕಿ ನನ್ನ ಕಡೆ ನೋಡಿದ. ಕೊನೆಗೆ ಪ್ಲಾಸ್ಟಿಕ್ ವಿಮಾನದ ಒಂದು ಪೆಟ್ಟಿಗೆ ತರಿಸಿದೆ. ಬಿಡಿ ತುಂಡುಗಳನ್ನು ಅಂಟಿಸಿ ಬಣ್ಣ ಹಚ್ಚಿದರೆ ಮೊಳದುದ್ದದ ವಿಮಾನ ಆಗುತ್ತದೆ. ಹಳೆಯ ಕಾಲದ ಯುದ್ಧವಿಮಾನದ ಪ್ರತಿರೂಪ. ಎರಡು ತಿಂಗಳು ಕೂತು ಮಾಡಿದ್ದಾನೆ. ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಳಕ್ಕೆ ಅಂಟಿನ ಹೊಗೆ ಹತ್ತಿ ಮಂಜಾಗಿದೆ. ಒಂದು ರೆಕ್ಕೆಯ ಹಸಿ ಬಣ್ಣದಲ್ಲಿ ಹೆಬ್ಬೆಟ್ಟು ಮೂಡಿದೆ. ನಿನ್ನೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಅದನ್ನು ಪೆಟ್ಟಿಗೆಯಲ್ಲಿ ತಾನೇ ಇಟ್ಟು, ಸ್ಲೇಟಿನ ಮೇಲೆ "ಕರೀಮಗ ತೋರಸು" ಎಂದು ಬರೆದಿದ್ದ. ಈ ಕಡೆ ತೊಗರಿ ತರುವ ಹುಸೇನಸಾಬರ ಲಾರಿಯಲ್ಲಿ ಕಳಿಸುತ್ತಿದ್ದೇನೆ.

ನಿಮ್ಮ
ಮನೀಷಾ


ಜೇವರ್ಗಿ
೧೪ ಜೂನ್ ೨೦೨೪

ಲೇ ಮಲ್ಲ್ಯಾ,

ಸಲಾಂ. ನಿನ್ನ ವಿಮಾನ ಲಾರಿ ಏರಿ ಬಂತು. ವಿಮಾನದಾಗ ಲಾರಿ ಹಾಕ್ಕೊಂಡು ಹೋಗೂದು ಟೀವ್ಯಾಗ ನೋಡಿದ್ದೆ, ಲಾರ್ಯಾಗ ವಿಮಾನ ಬಂದಿದ್ದು ಇದ ಮೊದಲ. ಹುಸೇನ ಅದನ್ನ ಕ್ಯಾಬಿನ್ನಾಗ ತನ್ನ ಮಗ್ಗಲಕ ಕುಂದ್ರಿಸಿ ಟವಲ್ ಹೊಚ್ಚಿದ್ದ. "ಕರೀಮಭಾಯಿ, ರೋಡಿನ ತೆಗ್ಗ ಎಲ್ಲಾ ದಾಟಿಸಿ ತಂದೀನ್ರಿ. ಇದಕ್ಕ ಧಕ್ಕಿ ಆದ್ರ ಮಲ್ಲಣ್ಣ ನನ್ನ ಲಾರಿಗಿ ಬೊಟ್ಟು ಇಡಂಗಿಲ್ಲ" ಅಂದ.

ನೋಡು, ಎಲ್ಲಾರಿಗೂ ನಿನ್ನ ಬೊಟ್ಟಿಂದೇ ಚಿಂತಿ. ಬಣ್ಣ ಹೊಡದವ ನಾ, ಅಕ್ಷರ ಬರದವ ನಾ. ನೀ ಉದ್ದಕ ಗೆರಿ ಎಳದು, ಕಡೀಕ ಹಿಂದಿನ ಹಲಗಿ ಮೂಲ್ಯಾಗ ನಜರ ತಾಕಬಾರದಂತ ಒಂದು ಕರೀ ಬೊಟ್ಟು ಇಟ್ಟು ಕೈ ತೊಳಕೊಂತಿದ್ದಿ. ಹೆಸರು ಮಾತ್ರ ನಿಂದು. ನೀ ಬೊಟ್ಟು ಇಟ್ಟ ಲಾರಿ ಒಂದೂ ಹಳ್ಳಕ್ಕ ಬಿದ್ದಿಲ್ಲಂತ. ಬಿದ್ದಾವ ಮಗನ, ನನಗ ಗೊತ್ತದ. ಖರೇ ಆ ಡ್ರೈವರ ಕುಡದಿದ್ದ, ಬೊಟ್ಟಿಂದೇನ ತಪ್ಪಿಲ್ಲ.

ನಾ ನಾಕನೇತ್ತಾ ತನಕ ಕಲ್ತವ, ಲಾರಿ ಹಿಂದ ನಾಕ ಮಾತ ಬರಿಯೂದರಾಗ ಕೈ ಪಳಗೇದ. ಇಷ್ಟುದ್ದ ಪತ್ರ ಬರದದ್ದು ನಮ್ಮನಿಯಾಕಿ ಅಮೀರುನ್ನಿಸಾ ತವರಮನ್ಯಾಗ ಇದ್ದಾಗ ಒಮ್ಮಿ. ಅದನ್ನ ಓದಿ ಆಕಿ ಲಗೂನ ಬಂದಳು, "ಇನ್ನ ಬರೀಬ್ಯಾಡ್ರಿ" ಅಂದಳು. ಈಗ ಬರದ್ರೂ ಆಕಿ ವಾಪಸ್ ಬರೋ ಊರಾಗ ಇಲ್ಲ ಬಿಡು.

ನಿನ್ನ ವಿಮಾನ ನೋಡಿದೆ. ಗಾಜಿಗಿ ಮುದುಕರ ಕಣ್ಣಿಗಿ ಬಂದಂಗ ಮೋತಿಬಿಂದು ಬಂದದ. ರೆಕ್ಕಿ ಮ್ಯಾಲ ಹೆಬ್ಬೆಟ್ಟು ಒತ್ತೀದಿ, ರೇಶನ್ ಅಂಗಡ್ಯಾಗ ಒತ್ತಿದಂಗ. ಹೊಟ್ಟಿ ಕೆಳಗ ಬಣ್ಣ ಸೋರಿ ಮೂಗು ಸುರದಂಗ ಆಗೇದ. ಮಗ್ಗಲದಾಗಿನ ಕೆಂಪು ಗೆರಿ ಅಂತೂ ಭೀಮಾ ಹೊಳಿ ಘತ್ತರಗಿ ಹತ್ರ ತಿರಗಿದಂಗ ತಿರಗೇದ. ಚಿಂತಿ ಮಾಡಬ್ಯಾಡ. ಶೆಡ್ಡಿಗಿ ಬಂದ ಮಾಲು ಕೆಟ್ಟು ವಾಪಸ್ ಹೋಗಿದ್ದು ಅದ ಏನು? ನಾ ಅದೇನಿ.

ಮುಂದಿನ ಸಲ ಬಂದಾಗ ಗ್ವಾಡಿ ಕಡೀಗಿ ಮಾರಿ ಮಾಡಬ್ಯಾಡ. ಆ ಗ್ವಾಡಿ ಸುಣ್ಣ ಭಾಳ ಕೆಟ್ಟದ, ನೋಡೂವಂಥಾದ್ದಲ್ಲ.

ನಿನ್ನ
ಕರ್ಯಾ


ಜೇವರ್ಗಿ
೩೦ ಜೂನ್ ೨೦೨೪

ಮಲ್ಲ್ಯಾ, ಗಟ್ಟಿ ಹಿಡಕೊ. ವಿಮಾನ ತಯ್ಯಾರ.

ಮೊದಲ ಆದ ಅನಾಹುತ ಹೇಳ್ತೇನಿ. ಲಾರಿಗಿ ಹಾಕೋ ಥಿನ್ನರ ಅರಿವಿಗಿ ಹಚ್ಚಿ ಬಾಲ ಒರಸಿದೆ, ಪ್ಲಾಸ್ಟಿಕ್ಕು ಬಿಸಲಾಗ ಇಟ್ಟ ಬೆಲ್ಲದಂಗ ಮೆತ್ತಗಾತು. ನನ್ನ ಬೆರಳು ಅದಕ್ಕ ಅಂಟಿತು. ಜರಾ ಹೊತ್ತು ನಾನೂ ವಿಮಾನದ ಒಂದು ಪಾರ್ಟ ಆಗಿದ್ದೆ. ಯಾರರ ಕೀಲಿ ತಿರುವಿದ್ರ ಹಾರಿ ಹೋಗ್ತಿದ್ದೆ. ಕಿತ್ತಗೊಂಡು, ಬಿದ್ದ ತೆಗ್ಗಿನಾಗ ಪುಟ್ಟಿ ತುಂಬಿ, ಒಣಗಿಸಿ, ನೀರು ಹಾಕಿ ಪಾಲಿಶ್ ಕಾಗದಲೆ ತಿಕ್ಕಿ ಸರಿ ಮಾಡೀನಿ. ಈಗ ನಿನಗೂ ಗುರ್ತ ಸಿಗಂಗಿಲ್ಲ.

ಗಾಜಿಗಿ ಹಲ್ಲು ತಿಕ್ಕೋ ಪೇಸ್ಟ್ ಹಚ್ಚಿ, ಮೆತ್ತನ ಬನೇನದ ತುಂಡಲೆ ಗುಂಡಗ ಗುಂಡಗ ತಿಕ್ಕಿದೆ. ಮಂಜು ಹೋತು. ಒಳಗ ಕುಂತ ಪೈಲಟ್ ಈಗ ರಸ್ತಾ ನೋಡಬಹುದು. ಹೆಬ್ಬೆಟ್ಟು ತಿಕ್ಕಿ ಹೊಸಾ ಬಣ್ಣ ಸ್ಪ್ರೇ ಗನ್ನಲೆ ಹೊಡದೆ, ಗಾಳಿ ಸಣ್ಣದು ಮಾಡಿ. ಲಾರಿಗಿ ಹೊಡದಂಗ ಹೊಡದ್ರ ಅಫಜಲಪುರಕ್ಕ ಹೋಗಿ ಬೀಳ್ತಿತ್ತು.

ಕೆಂಪು ಗೆರಿಗಿ ಏನೂ ತ್ರಾಸ ಆಗಲಿಲ್ಲ. ಸ್ಪಿರಿಟಿನಾಗ ಹತ್ತಿ ಅದ್ದಿ ಎರಡ ಸಲ ಒರಸಿದೆ, ಹೋತು. ಟೇಪ ಹಚ್ಚಿ ಹೊಸಾದು ಹೊಡದೀನಿ. ದಾರ ಹಿಡದು ನೋಡು, ಕೂದಲೆಳಿ ಸೈತ ಅತ್ತಿತ್ತ ಇಲ್ಲ. ಹಗೂರಕ ತಗದು ನೋಡು, ಕಣ್ಣು ತಂಪಾಗ್ತಾವ. ಶೋರೂಮಿನ ಮಾಲು ಇದ್ದಂಗ ಅದ.

ಬೊಟ್ಟು ಇಟ್ಟಿಲ್ಲ. ಅದು ನಿಂದು.

ಹೆಂಗ ಆಗೇದ ಬರಿ. ಒಂದ ಮಾತ ಬರದ್ರೂ ನಡೀತದ. ಹೊಗಳಿ ಬರದ್ರ ಎರಡು ಬರಿ.

ನಿನ್ನ
ಕರ್ಯಾ


ಜೇವರ್ಗಿ
೨೧ ಜುಲೈ ೨೦೨೪

ಮಲ್ಲ್ಯಾ,

ವಿಮಾನ ಮುಟ್ಟೇದಂತ ಹುಸೇನ ಹೇಳಿದ. ನಿನ್ನ ಜವಾಬು ಇನ್ನಾ ಮುಟ್ಟಿಲ್ಲ. ಹೊಗಳಾಕ ಮಾತ ಹುಡಕಾಕತ್ತಿ ಕಾಣಸ್ತದ.

ಮೊನ್ನಿ ಏನಾತು ಕೇಳು. ಕೊಳಕೂರದ ಒಂದು ಲಾರಿ ಹಿಂದ "ಸಾವಕಾಶ" ಅಂತ ದೊಡ್ಡದಾಗಿ ಬರದು ಒಣಗಾಕ ಬಿಟ್ಟು ಚಾ ಕುಡ್ಯಾಕ ಹೋಗಿದ್ದೆ. ಶೆಡ್ಡಿನ ಬಾಜೂಕಿನ ಶಂಕರಲಿಂಗನ ಎಮ್ಮಿಗಿ ಮೈ ತುರಿಕಿ ಬಂದಿತ್ತೋ ಏನೋ, ಬಂದು ಹಸೀ ಬಣ್ಣಕ್ಕ ಮೈ ತಿಕ್ಕಿ ಹೋಗೇದ. "ಸಾವಕಾಶ" ಉಲ್ಟಾ ಮೂಡಿ ಎಮ್ಮಿ ಮ್ಯಾಲ ಬಂತು. ಅದನ್ನ ಹೊತಗೊಂಡು ವಿಜಯಪುರ ರಸ್ತಾದ ನಡಬರಕ ನಿಂತದ, ಹಿಂದ ಗಾಡಿ ಸಾಲು ಹಚ್ಚಿ ನಿಂತಾವ. ಶಂಕರಲಿಂಗ ಓಡಿ ಬಂದು "ಸಾಹೇಬ್ರ, ಇದು ಏನ್ರಿ?" ಅಂದ. "ಬರದಿದ್ದಕ್ಕ ರೊಕ್ಕ ಬ್ಯಾಡ, ಪುಕ್ಕಟ ಹೊಡಕೊಂಡು ಹೋಗು" ಅಂದೆ.

ಭಾಳ ನಕ್ಕೆ. ನಕ್ಕೊಂತ ನೀ ಕುಂದ್ರೋ ಟಾಯರಿನ ಕಡೆ ತಿರಗಿದೆ. ಒಬ್ಬನ ನಗೂದು ಭಾಳ ಲಗೂನ ಮುಗೀತದ ನೋಡು.

ಕರ್ಯಾ


ಜೇವರ್ಗಿ
೧೬ ಆಗಸ್ಟ್ ೨೦೨೪

ಮಲ್ಲ್ಯಾ,

ಮಳಿ ಬಂದು ಶೆಡ್ಡಿನ ತಗಡ ಸೋರಾಕತ್ತದ. ಕೆಲಸಾ ನಿಂತದ. ಮಧ್ಯಾಹ್ನ ಬುತ್ತಿ ಬಿಚ್ಚಿದ್ರ ರೊಟ್ಟಿ ಜಾಸ್ತಿ ಆಗ್ತಾವ, ಕಮ್ಮಿ ಕಟ್ಟಕೊಂಡು ಬರೂದು ಇನ್ನಾ ರೂಢಿ ಆಗಿಲ್ಲ. ಮಗಳು ತಬಸ್ಸುಮ ಶುಕ್ರವಾರ ಫೋನ್ ಮಾಡ್ತಾಳ. "ಅಬ್ಬಾ, ಊಟ ಆತೇನ್ರಿ?" "ಆತವ್ವಾ." ಅಷ್ಟ. ಆಕಿಗಿ ಮಕ್ಕಳು ಮರಿ, ಪಾಪ.

ನಿನ್ನ ಟಾಯರಿನ ಮ್ಯಾಲ ಯಾರರ ಕುಂದ್ರಾಕ ಬಂದ್ರ "ಬಣ್ಣ ಹಸಿ ಅದ" ಅಂತೇನಿ. ಜನಾ ನಂಬ್ತಾರ.

ಸಿಟ್ಟ ಬಂದದೇನು? ನಾ ಏನ ಮಾಡಿದೆ ಅಷ್ಟರ ಹೇಳು.

ಕರ್ಯಾ


ಆಳಂದ
೨೫ ಆಗಸ್ಟ್ ೨೦೨೪

ಕರೀಮ ಕಾಕಾ ಅವರಿಗೆ,

ನಿಮ್ಮ ಪತ್ರಗಳಿಗೆ ನಾನಾದರೂ ಉತ್ತರಿಸಬೇಕಿತ್ತು. ಹೇಗೆ ಬರೆಯಬೇಕೆಂದು ತಿಳಿಯದೆ ದಿನ ಕಳೆದೆ.

ನೀವು ಕಳಿಸಿದ ವಿಮಾನವನ್ನು ನಾನೇ ತೆಗೆದು ಮಾವನ ಮುಂದೆ ಹಿಡಿದೆ. ನಿಜ ಹೇಳಬೇಕೆಂದರೆ ನನಗೆ ಬಹಳ ಸಂತೋಷವಾಗಿತ್ತು, ಅಷ್ಟು ಚೆಂದ ಕಾಣುತ್ತಿತ್ತು. ಅವನು ಎಡಗೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದ. ಕೆಂಪು ಗೆರೆಯ ಮೇಲೆ ಬೆರಳಾಡಿಸಿದ. ಮತ್ತೆ ಪೆಟ್ಟಿಗೆಯಲ್ಲಿಟ್ಟು ಗೋಡೆಯ ಕಡೆ ತಿರುಗಿದ. ಅವತ್ತಿನಿಂದ ವ್ಯಾಯಾಮ ಬಿಟ್ಟಿದ್ದಾನೆ. ಡಾಕ್ಟರ ಹತ್ತಿರ ಬರುವುದಿಲ್ಲ. ಸ್ಲೇಟನ್ನೂ ಮುಟ್ಟಿರಲಿಲ್ಲ.

ಏಕೆಂದು ಕೇಳಿ ಕೇಳಿ ಸೋತಿದ್ದೆ. ಮೊನ್ನೆ ಅವ್ವ ಅವನ ಪಕ್ಕದಲ್ಲಿ ಕೂತು ಅತ್ತಾಗ, ಸ್ಲೇಟು ತೆಗೆದುಕೊಂಡು ಬರೆದ: "ಕೆಂಪು ಗೆರಿ ಬಲಗೈದು."

ಕಾಕಾ, ಉಳಿದದ್ದೆಲ್ಲ ಎಡಗೈಯ ಕೆಲಸ. ಆ ಒಂದು ಗೆರೆಯನ್ನು ಮಾತ್ರ, ನಾನು ಶಾಲೆಯಲ್ಲಿದ್ದಾಗ, ಅವ್ವ ಅಂಗಡಿಗೆ ಹೋಗಿದ್ದಾಗ, ಬಲಗೈಯಲ್ಲಿ ಬ್ರಷ್ ಕೂರಿಸಿಕೊಂಡು ಎಳೆದಿದ್ದಾನೆ. ಲಕ್ವಾ ಹೊಡೆದ ಮೇಲೆ ಆ ಕೈ ಮಾಡಿದ ಮೊದಲ ಕೆಲಸ ಅದು. ನಮಗಾರಿಗೂ ಹೇಳಿರಲಿಲ್ಲ. ಮೊದಲು ನೀವು ನೋಡಬೇಕಿತ್ತು. "ತೋರಸು" ಎಂದು ಅದಕ್ಕೇ ಬರೆದಿದ್ದ. ಸರಿಪಡಿಸು ಎಂದು ಬರೆದಿರಲಿಲ್ಲ.

ತಪ್ಪು ನನ್ನದೂ ಇದೆ. ಗಾಜು ಮಂಜಾಗಿದೆ, ಹೆಬ್ಬೆಟ್ಟು ಮೂಡಿದೆ ಎಂದು ಬರೆದು ನಾನೇ ಅದನ್ನು ರಿಪೇರಿಯ ಮಾಲು ಮಾಡಿಬಿಟ್ಟೆ.

ವಿಮಾನವನ್ನು ನಿಮಗೇ ವಾಪಸು ಕಳಿಸುತ್ತಿದ್ದೇನೆ. ಅದು ಕಣ್ಣಿಗೆ ಬಿದ್ದರೆ ಅವನು ಊಟ ಬಿಡುತ್ತಾನೆ.

ಮನೀಷಾ


ಜೇವರ್ಗಿ
೧೫ ಸೆಪ್ಟೆಂಬರ್ ೨೦೨೪

ಮನೀಷಾ ಬೇಟಾ,

ನಿನ್ನ ಪತ್ರ ಓದಿ ಶೆಡ್ಡಿನ ಬಾಗಲಾ ಎಳಕೊಂಡೆ. ಬಂದ ಗಿರಾಕಿಗಿ ಒಳಗಿಂದನ "ಕರೀಮಸಾಬ ಇಲ್ರಿ" ಅಂದೆ. ಅವ ಶಾಣ್ಯಾ, "ಆತು ಕರೀಮಸಾಬ್ರ, ನಾಳಿ ಬರ್ತೇನ್ರಿ" ಅಂತ ಹೋದ.

ನನಗ ತಿಳೀಬೇಕಾಗಿತ್ತು ಬೇಟಾ. ಆ ಗೆರಿ ಎಡಕಿನಿಂದ ಬಲಕ್ಕ ಹೋಗಿತ್ತು. ಶುರುವಿಗಿ ಬಣ್ಣ ದಪ್ಪ, ಹೋಗ್ತಾ ಹೋಗ್ತಾ ತೆಳ್ಳಗ. ಅವ ಲಾರಿಗಿ ಎಳೀತಿದ್ದದ್ದೂ ಹಂಗ, ಬಲಗೈಲೆ, ಉಸಿರು ಹಿಡದು. ಮೂವತ್ತು ವರ್ಷ ಮಗ್ಗಲಕ ನಿಂತು ನೋಡೀನಿ. ಇದು ಮಲ್ಲ್ಯಾನ ಕೈ ಅಂತ ಕಣ್ಣು ಹೇಳಬೇಕಾಗಿತ್ತು. ಕಣ್ಣಿಗಿ ಸೊಟ್ಟ ಅಷ್ಟ ಕಾಣಿಸ್ತು. ಶೆಡ್ಡಿಗಿ ಬಂದಿದ್ದೆಲ್ಲಾ ರಿಪೇರಿಗೇ ಬಂದದ ಅಂತ ತಿಳಕೊಳ್ಳೋ ಚಟ ನನಗ.

ಅದೇ ಗೆರಿ ವಾಪಸ್ ಎಳದು ಕೊಡೋಣಂತ ಕುಂತೆ. ನೆನಪದ ನನಗ, ಎಲ್ಲಿ ಏರೇದ ಎಲ್ಲಿ ಇಳದದ ಅಂತ. ರದ್ದಿ ತಗಡಿನ ಮ್ಯಾಲ ರೂಢಿ ಮಾಡಿದೆ. ಬಲಗೈಲೆ ಎಳದ್ರ ಸೊಟ್ಟ ಬರವಲ್ದು, ಕೈ ತಾನ ಸೀದಾ ಹೋಗ್ತದ. ಎಡಗೈಲೆ ಎಳದೆ. ಸೊಟ್ಟ ಬಂತು, ಖರೇ ಅದು ನಾಟಕದಾಗ ಕುಂಟನ ಪಾರ್ಟು ಮಾಡಿದಂಗ ಕಾಣಸ್ತು. ಕಣ್ಣು ಮುಚ್ಚಿ ಎಳದೆ. ಶಂಕರಲಿಂಗ ಬಂದು ನಿಂತಿದ್ದು ಗೊತ್ತ ಆಗಲಿಲ್ಲ. "ಸಾಹೇಬ್ರ, ಎಮ್ಮಿ ಕೊಡಲೇನ್ರಿ? ಅದು ನಿಮಗಿಂತ ಚಲೋ ಬರೀತದ" ಅಂದ. ದಿನಾ ಆಗಿದ್ರ ನಾ ಒಂದಕ್ಕ ನಾಕು ಅಂತಿದ್ದೆ. ಅವತ್ತು ತಗಡು ತಿರುವಿ ಹಾಕಿ ಮತ್ತ ಎಳದೆ.

ಎರಡ ಸಲ ಒರಸಿದ್ದಕ್ಕ ಹೋದ ಗೆರಿ ಅದು. ನಾ ಅಳಿಸಿದ್ದು ನನಗ ಬರಿಯಾಕ ಬರವಲ್ದು ಬೇಟಾ.

ನಿನ್ನ ಕಾಕಾ
ಕರೀಮಸಾಬ


ಜೇವರ್ಗಿ
೧೪ ಅಕ್ಟೋಬರ್ ೨೦೨೪

ಮಲ್ಲ್ಯಾ,

ಈ ಪತ್ರದಾಗ ಚೇಷ್ಟಿ ಇಲ್ಲ. ಹುಡಕಬ್ಯಾಡ.

ಮೊನ್ನಿ ಖಂಡೇನವಮಿ ಗಾಡಿ ಪೂಜಾ ಆತು. ಶೆಡ್ಡಿನ ಮುಂದ ಲಾರಿ, ಟ್ರ್ಯಾಕ್ಟರ್, ಟಂಟಂ ಎಲ್ಲಾ ಸಾಲು ಹಚ್ಚಿದ್ವು. ಬಣ್ಣ ಹೊಡದೆ, ಹೆಸರು ಬರದೆ. ಗೆರಿಗಿ ಟೇಪ ಹಚ್ಚಿದೆ, ನೀ ಬೈದ್ರೂ ಚಿಂತಿಲ್ಲ. ಬೊಟ್ಟು ಮಾತ್ರ ಇಡಲಿಲ್ಲ. ನೀ ಆಳಂದಕ್ಕ ಹೋದಾಗಿಂದ ಯಾ ಗಾಡಿಗೂ ಇಟ್ಟಿಲ್ಲ. ಹಿಂದಿನ ಹಲಗಿ ಮೂಲ್ಯಾಗ ಜಾಗಾ ಬಿಟ್ಟು ಕಳಸ್ತೇನಿ. "ಬೊಟ್ಟು ಎಲ್ಲಿ?" ಅಂತ ಕೇಳ್ತಾರ. "ಬೊಟ್ಟಿನವ ಸೂಟಿ ಮ್ಯಾಲ ಅದಾನ" ಅಂತೇನಿ. ಕೆಲವರು ಜಗಳಾ ತಗದ್ರು. ಒಬ್ಬವ "ನೀನ ಇಡು, ಒಂದು ಚುಕ್ಕಿ ಇಡಾಕ ಏನ್ ದೊಡ್ಡ ವಿದ್ಯಾ ಬೇಕು" ಅಂತ ಬ್ರಷ್ ನನ್ನ ಕೈಯಾಗ ಕೊಟ್ಟ. ಇಡಲಿಲ್ಲ. ನಿನ್ನ ಜಾಗಾದಾಗ ನಾ ಇಷ್ಟು ದಿನಾ ಕೈ ಹಾಕಿರಲಿಲ್ಲ ಮಲ್ಲ್ಯಾ. ಆ ವಿಮಾನದ ಗೆರಿ ನಿನ್ನ ಜಾಗಾ ಅಂತ ತಿಳೀಲಿಲ್ಲ.

ನಾ ಹೊಡದ ಸೀದಾ ಗೆರಿ ತಿಕ್ಕಿ ತಗದೀನಿ. ಆ ಮಗ್ಗಲು ಖಾಲಿ ಅದ. ಮತ್ತೊಂದು ಗೆರಿ ಎಳಿ ಅಂತ ಹೇಳಂಗಿಲ್ಲ, ಹೇಳಾಕ ನನಗ ಮಾರಿ ಇಲ್ಲ. ವಿಮಾನದ ಸಂಗಾಟ ಕರೀ ಬಣ್ಣದ ಸಣ್ಣ ಡಬ್ಬಿ ಇಟ್ಟೀನಿ. ಅರಿವ್ಯಾಗ ಸುತ್ತಿದ್ದು ನಿಂದೇ ಬ್ರಷ್. ಇಷ್ಟು ದಿನಾ ಎಣ್ಣ್ಯಾಗ ಇಟ್ಟಿದ್ದೆ, ಕೂದಲು ಒಂದೂ ಬಿರುಸಾಗಿಲ್ಲ.

ಬೊಟ್ಟು ಇಟ್ರ ಇಡು. ಇಡಲಿಲ್ಲ ಅಂದ್ರ ಬೊಟ್ಟಿಲ್ಲದ ಇರಲಿ. ಬ್ಯಾರೆ ಯಾರೂ ಇಡಂಗಿಲ್ಲ.

ಹುಸೇನ ತನ್ನ ಲಾರಿಗಿ ಹೊಸಾ ಬಣ್ಣ ಮಾಡಿಸ್ಯಾನ. ಅವಂದೂ ಮೂಲಿ ಖಾಲಿ ಅದ.

ನಿನ್ನ
ಕರ್ಯಾ


ಆಳಂದ
೧ ಡಿಸೆಂಬರ್ ೨೦೨೪

ಕರೀಮ ಕಾಕಾ ಅವರಿಗೆ,

ನಿಮ್ಮ ಪೆಟ್ಟಿಗೆಯನ್ನು ಮಾವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಸುಮ್ಮನಾಗಿದ್ದೆ. ಬಹಳ ದಿನ ಮುಟ್ಟಲಿಲ್ಲ. ನಾನೂ ಆಸೆ ಬಿಟ್ಟಿದ್ದೆ.

ಕಳೆದ ವಾರ ಶಾಲೆಯಿಂದ ಬಂದಾಗ ನಿಮ್ಮ ಹಳೆಯ ಪತ್ರಗಳೆಲ್ಲ ಹಾಸಿಗೆಯ ಮೇಲೆ ಹರಡಿದ್ದವು. ಎಮ್ಮೆಯ ಪತ್ರ ಕೈಯಲ್ಲಿತ್ತು. ಅವನ ಭುಜ ಅಲುಗುತ್ತಿದ್ದದ್ದು ನೋಡಿ ಗಾಬರಿಯಾಗಿ ಓಡಿ ಹೋದೆ. ನಗುತ್ತಿದ್ದ, ಕಾಕಾ. ನನ್ನನ್ನು ಕಂಡ ಕೂಡಲೆ ಸೊಟ್ಟ ಬಾಯಿಗೆ ಟವೆಲ್ ಅಡ್ಡ ಹಿಡಿದ.

ಇವತ್ತು ನೋಡಿದರೆ ಬ್ರಷ್ಷಿನ ಅರಿವೆ ಬಿಚ್ಚಿದೆ. ನಾನು ಏನೂ ಕೇಳಿಲ್ಲ. ಅವನಿರುವ ಕೋಣೆಗೆ ಈಗ ಬಾಗಿಲು ತಟ್ಟಿ ಹೋಗುತ್ತೇನೆ.

ಮನೀಷಾ


ಆಳಂದ
೨೮ ಡಿಸೆಂಬರ್

ಕರ್ಯಾ,

ಬೊಟ್ಟು ಇಟ್ಟೀನಿ. ಬಲಗೈಲೆ.

ದೊಡ್ಡದಾತು. ಒರಸಬ್ಯಾಡ.

ಹುಸೇನನ ಲಾರಿ ಮನಿ ಮುಂದ ನಿಂತದ. ಅದಕ್ಕ ಎದ್ದು ನಿಂತು ಇಡಬೇಕು. ನನ್ನ ಹಿಡಕೊಳ್ಳಾಕ ಬಾ.

ಮಾರಿ ಸೊಟ್ಟ ಅದ. ನಗೂದಿದ್ರ ಇಲ್ಲೇ ಬಂದು ನಗು.

ಮಲ್ಲ್ಯಾ